ಮುಪುಂದು ಕ್ಲಬ್ಬಿನ ಮೇಜು: ಮೂರನೆಯ ಕಲ್ಲು

ನಮ್ಮ ತಾಮ್ರಗಣಿಗಳ ನಾಡಿಗೆ ಸ್ವಾತಂತ್ರ್ಯ ಬಂದು ಎಂಟು ವರ್ಷಗಳಾಗಿದ್ದ ಒಂದು ಜೂನ್ ಸಂಜೆ, ಮುಪುಂದು ಗಣಿ ಕ್ಲಬ್ಬಿನ ಪೂಲ್ ಮೇಜಿನ ಮೇಲೆ ಎರಡೇ ಚೆಂಡುಗಳು ಉಳಿದಿದ್ದವು. ಒಂದು ಬಿಳಿಯದು, ಇನ್ನೊಂದು ಕರಿಯದು. ಕೋಲು ನನ್ನ ಕೈಯಲ್ಲಿತ್ತು. ಎದುರಾಳಿ ಹಾರ್ಲನ್ ಎಂಬ ಅಮೆರಿಕನ್ ಎಂಜಿನಿಯರ್, ತನ್ನ ಸರದಿ ಬಂದೇ ಬರುವುದೆಂಬ ಧೈರ್ಯದಿಂದ ತನ್ನ ಕೋಲಿನ ತುದಿಗೆ ಸೀಮೆಸುಣ್ಣ ಉಜ್ಜುತ್ತ ನಿಂತಿದ್ದ.

ಅವನ ಧೈರ್ಯಕ್ಕೆ ಕಾರಣವಿತ್ತು. ಕರಿ ಚೆಂಡು ದೂರದ ಎಡಮೂಲೆಯ ಬಳಿ, ಅಂಚಿಗೆ ಅಂಟಿಕೊಂಡಿತ್ತು. ಆ ಸಂಜೆಯೆಲ್ಲ ಆ ಅಂಚಿನಗುಂಟ ಹೋದ ಚೆಂಡುಗಳನ್ನು ಆ ಮೂಲೆಯ ಪಾಕೆಟ್ಟು ಬಾಯವರೆಗೆ ಕರೆದು ಹೊರಗೆ ಉಗುಳಿತ್ತು. ಏಕೆಂದು ಬಲ್ಲವನು ನಾನೊಬ್ಬನೇ. ಮೂರು ಚಳಿಗಾಲ, ಗಣಿಯ ಬೆಳಗಿನ ಸೀಟಿ ಕೂಗುವ ಮೊದಲೇ, ಒಂದೆರಡು ಆಟ ಆಡಲು ಬಿಟ್ಟಾರೆಂಬ ಆಸೆಯಿಂದ ನಾನು ಆ ಕೋಣೆಯ ನೆಲ ಗುಡಿಸಿದ್ದೆ, ಮೇಜಿನ ಹಸಿರು ಬಟ್ಟೆಯನ್ನು ಕುಂಚದಿಂದ ಒರೆಸಿದ್ದೆ. ಹಾಗೆ ಒರೆಸುವಾಗ ಒಂದು ದಿನ ನನ್ನ ಹೆಬ್ಬೆರಳಿಗೆ ಅದು ಸಿಕ್ಕಿತ್ತು: ಬಟ್ಟೆಯ ಕೆಳಗೆ, ಆ ಪಾಕೆಟ್ಟಿನ ತುಟಿಯಲ್ಲಿ, ಕಲ್ಲುಹಾಸು ಮೆಕ್ಕೆಜೋಳದ ಕಾಳಿನಷ್ಟು ಒಡೆದುಹೋಗಿತ್ತು. ಮೆಲ್ಲಗೆ ಬಂದ ಚೆಂಡು ಆ ಕುಳಿಗೆ ತಾಗಿ ಪಕ್ಕಕ್ಕೆ ಹೊರಳುತ್ತಿತ್ತು. ರಭಸದಿಂದ ಬಂದದ್ದು ಅದನ್ನು ದಾಟಿ ಒಳಗೆ ಬೀಳುತ್ತಿತ್ತು.

ಕೊನೆಯ ಚೆಂಡನ್ನು ಎಲ್ಲರೂ ಮೆಲ್ಲಗೆ ಹೊಡೆಯುತ್ತಾರೆ. ನಾನು ಮೈಯೆಲ್ಲ ಬಳಸಿ ಹೊಡೆದೆ.

ಅದು ಬಿದ್ದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಪ್ರಾಂತ್ಯದ ಪಂದ್ಯಾವಳಿಯ ಬೆಳ್ಳಿಯ ಬಟ್ಟಲಿನ ಮೇಲೆ ಗಣಿ ಕೂಲಿಯೊಬ್ಬನ ಮಗನ ಹೆಸರು ಕೆತ್ತಿದ್ದು ಅದೇ ಮೊದಲು. ಕಬಾಸೊ ಎಂಬ ಆ ಹೆಸರು ಮುಂದೆ ಪೊಲೀಸ್ ಪತ್ತೇದಾರಿ ವಿಭಾಗದ ಬಾಗಿಲ ಮೇಲೂ ಬಂದಿತು. ಆದರೆ ಬಟ್ಟಲಿನ ಮೇಲಿನ ಅಕ್ಷರಗಳೇ ನನಗೆ ಹೆಚ್ಚು.

ಆ ಮೇಜು ನಮ್ಮಲ್ಲಿ ಚಳಿಗಾಲವಾದ ಈ ಜುಲೈ ತಿಂಗಳಲ್ಲಿ ಕ್ಲಬ್ಬಿನೊಂದಿಗೆ ಸುಟ್ಟು ಬೂದಿಯಾಯಿತೆಂದು ಊರೆಲ್ಲ ನಂಬಿತ್ತು. ಕ್ಲಬ್ಬಿನ ಕಾವಲುಗಾರ ಲೊಂಬೆ, ನನ್ನ ಮೊಮ್ಮಗಳು ಚಿಬೆಸಾಳ ಗಂಡ, ಚಳಿಗೆ ಹಚ್ಚಿಕೊಂಡಿದ್ದ ಇದ್ದಿಲ ಒಲೆಯನ್ನು ಆರಿಸದೆ ಮಲಗಿದನೆಂಬ ಆಪಾದನೆ ಹೊತ್ತು ಜೈಲಿನಲ್ಲಿದ್ದ. ಬೂದಿಯಲ್ಲಿ ಕಲ್ಲುಹಾಸಿನ ಚೂರುಗಳು ಸಿಕ್ಕಿದ್ದರಿಂದ ಯಾರೂ ಬೇರೆ ಪ್ರಶ್ನೆ ಕೇಳಿರಲಿಲ್ಲ. ಗುರುವಾರ ತೀರ್ಪು. ಅಂದು ಅಕ್ಟೋಬರಿನ ಒಂದು ಮಂಗಳವಾರ.

ಎನ್‌ಡೋಲಾದ ಮಸೆಕೊ ಎಂಬ ವ್ಯಾಪಾರಿಯ ಅಂಗಡಿಗೆ ಹಳೆಯ ಅಮೆರಿಕನ್ ಪೂಲ್ ಮೇಜೊಂದು ಬಂದಿದೆಯೆಂಬ ಗಾಳಿಸುದ್ದಿ ಮಾತ್ರ ನಮ್ಮ ಕೈಯಲ್ಲಿತ್ತು. ನಮ್ಮ ಕಡೆಯ ಬಾರುಗಳಲ್ಲಿ ಇರುವವೆಲ್ಲ ನಾಣ್ಯ ಹಾಕಿ ಆಡುವ ಸಣ್ಣ ಮೇಜುಗಳು. ಮೂರು ಕಲ್ಲು ಜೋಡಿಸಿದ ದೊಡ್ಡ ಅಮೆರಿಕನ್ ಮೇಜನ್ನು ನಾನು ಜೀವಮಾನದಲ್ಲಿ ಒಂದೇ ಒಂದು ಕಂಡಿದ್ದೆ.

ಹೊಸ ಮನೆಗೆ ಮೇಜು ಆರಿಸಲು ಬಂದ ಅನುಕೂಲಸ್ಥ ಹೆಂಗಸಿನಂತೆ ಚಿಬೆಸಾ ಸೊಂಟಕ್ಕೆ ಸುತ್ತಿಕೊಳ್ಳುವ ತನ್ನ ಮದುವೆಯ ಚಿತೆಂಗೆ ಬಟ್ಟೆಯನ್ನುಟ್ಟು, ಗೆಳತಿಯಿಂದ ಎರವಲು ತಂದ ಕಪ್ಪು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದಳು. ನಾನು ಅವಳ ತಾತ. ಈ ಒಂದು ಪಾತ್ರಕ್ಕೆ ನಟನೆ ಬೇಕಿರಲಿಲ್ಲ.

ಅಂಗಡಿಯ ಬಾಗಿಲಲ್ಲೇ ಮಸೆಕೊ ನಮ್ಮನ್ನು ತಡೆದು ಸೊಂಟದ ಮೇಲೆ ಕೈಯಿಟ್ಟ. ಐವತ್ತರ ಆಸುಪಾಸಿನ, ಅಗಲ ಎದೆಯ ಎನ್‌ಗೋನಿ ಮನುಷ್ಯ. ನನ್ನ ಮಾತಿನ ವರಸೆಯಿಂದಲೇ ನಾನು ಬೆಂಬಾ ಬುಡಕಟ್ಟಿನವನೆಂದು ತಿಳಿದು ಅವನ ಮುಖ ಅರಳಿತು.

“ಬನ್ನಿ ಮುದಾಲಾ, ಬನ್ನಿ ಅಜ್ಜ. ಕೋತಿ ತಿನ್ನೋರು ಮರದಿಂದ ಇಳಿದು ಅಂಗಡಿಗೆ ಬರೋದು ಯಾವಾಗಿಂದ ಶುರುವಾಯ್ತು?”

“ಮರದ ಮೇಲೇ ಇದ್ದೆ ಕಣಯ್ಯ. ಕೆಳಗೆ ನಿಮ್ಮೋರು ಬಿಲ ಅಗೀತಾ ಇದ್ರು. ಪಾಪ, ಮಧ್ಯಾಹ್ನದ ಊಟಕ್ಕೆ ಇಲಿ ಸಿಕ್ಕಿಲ್ವೇನೋ ಅಂತ ನೋಡೋಕೆ ಇಳಿದು ಬಂದೆ.”

ಅವನು ಹೊಟ್ಟೆ ಹಿಡಿದು ನಕ್ಕ. ಬೆಂಬಾ ಮತ್ತು ಎನ್‌ಗೋನಿ ಜನ ಹಿಂದೊಮ್ಮೆ ಈಟಿ ಹಿಡಿದು ಕಾದಾಡಿದವರು. ಆ ಕಾದಾಟ ಮುಗಿದಂದಿನಿಂದ ನಮ್ಮ ನಡುವೆ ಉಳಿದಿರುವುದು ಹಾಸ್ಯದ ನಂಟು. ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಅಂಗಿಯನ್ನೇ ಕಿತ್ತುಕೊಂಡು ದಂಡ ಕೇಳಬಹುದು. ಸಿಟ್ಟಾಗುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಸಿಟ್ಟಾದವನು ಸೋತಂತೆ.

ಈ ನಂಟು ಅಂದು ನನಗೆ ಪೊಲೀಸ್ ವಾರಂಟಿಗಿಂತ ಹೆಚ್ಚು ಉಪಯೋಗಕ್ಕೆ ಬರಲಿದೆಯೆಂದು ಆಗ ನನಗೂ ತಿಳಿದಿರಲಿಲ್ಲ.

ಮೊದಲು ಅವನು ತೋರಿಸಿದ್ದು ಕನ್ನಡಿಯಂತೆ ಹೊಳೆಯುವ ಮೇಜು. ಚಿಬೆಸಾ ಅದರ ಸುತ್ತ ಒಂದು ಸುತ್ತು ಬಂದು, ಚೆಂದವಾಗಿದೆ ಎಂದಳು. ನಾನು ಬೆರಳ ಗೆಣ್ಣಿನಿಂದ ಹಾಸನ್ನು ಬಡಿದೆ. ಪೊಳ್ಳು ಸದ್ದು ಬಂತು. ಒಳಗಿದ್ದುದು ಕಲ್ಲಲ್ಲ, ಒತ್ತಿ ಮಾಡಿದ ಮರದ ಹೊಟ್ಟಿನ ಹಲಗೆ. ನವೆಂಬರ್ ಮಳೆ ಹಿಡಿದರೆ ಇದು ಉಬ್ಬಿ, ಕ್ರಿಸ್‌ಮಸ್ಸಿನ ಹೊತ್ತಿಗೆ ಚೆಂಡುಗಳೆಲ್ಲ ನಡುವೆ ಬಂದು ಸಭೆ ಸೇರುತ್ತವೆ ಎಂದೆ.

ಎರಡನೆಯದಕ್ಕೆ ಕಲ್ಲಿತ್ತು, ಒಂದೇ ಹಾಸು, ಗಟ್ಟಿ. ಆದರೆ ಅಂಚಿನ ರಬ್ಬರು ಸತ್ತುಹೋಗಿತ್ತು. ಎದುರಂಚಿಗೆ ಹೊಡೆದ ಚೆಂಡು ಅರ್ಧ ದಾರಿಯಲ್ಲೇ ನಿಂತಿತು. ರಬ್ಬರು ಬದಲಾಯಿಸಬಹುದೆಂದು ಮಸೆಕೊ ವಾದಿಸಿದ. ಮನೆಗೆ ಇಂಥ ಸಣ್ಣ ಮೇಜೇ ಸರಿ, ಗೋಡೆಗೂ ಮೇಜಿಗೂ ನಡುವೆ ಕೋಲು ಹಿಂದಕ್ಕೆ ಎಳೆಯುವಷ್ಟು ಜಾಗ ಉಳಿಯಬೇಕು, ಇಲ್ಲವಾದರೆ ದಿನವೂ ಗೋಡೆಗೆ ಮೊಣಕೈ ಹೊಡೆದುಕೊಂಡು ಗಂಡನನ್ನು ಬೈಯಬೇಕಾಗುತ್ತದೆ ಎಂದು ಚಿಬೆಸಾಳಿಗೆ ಬುದ್ಧಿ ಹೇಳಿದ. ವ್ಯಾಪಾರಿಯಾದರೂ ಅವನ ಸಲಹೆ ಪ್ರಾಮಾಣಿಕವಾಗಿತ್ತು. ಅದನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

“ಜಾಗ ಇದೆ ಮಾವ. ಮುಂದಿನ ಕೋಣೇಲಿ ಏನೂ ಇಟ್ಟಿಲ್ಲ. ಒಂದು ಕುರ್ಚಿ ಸಹ ಇಟ್ಟಿಲ್ಲ” ಎಂದಳು ಚಿಬೆಸಾ.

ಅದು ನಟನೆಯಾಗಿರಲಿಲ್ಲ. ಮದುವೆಯಾದ ವರ್ಷವೇ ಲೊಂಬೆ ಅವಳಿಗೆ ಮನೆಯಲ್ಲೊಂದು ಪೂಲ್ ಮೇಜು ಹಾಕಿಸುವ ಮಾತು ಕೊಟ್ಟಿದ್ದ, ಅವಳು ಅವನಿಗಿಂತ ಚೆನ್ನಾಗಿ ಆಡುತ್ತಿದ್ದಳು. ಅಂದಿನಿಂದ ಅವಳು ಆ ಕೋಣೆಯನ್ನು ದಿನವೂ ಗುಡಿಸಿ ಖಾಲಿ ಬಿಟ್ಟಿದ್ದಾಳೆ. ಅವನು ಜೈಲಿಗೆ ಹೋದ ಮೇಲೂ.

ಅಂಗಡಿಯ ಹಿಂಭಾಗದಲ್ಲಿ, ಟಾರ್ಪಾಲಿನ ಕೆಳಗೆ, ಇನ್ನೊಂದಿತ್ತು.

ಅದನ್ನು ಮಾರುವುದಿಲ್ಲವೆಂದು ಮಸೆಕೊ ಹೇಳಿದ. ಹೇಳುವಾಗ ನಮ್ಮ ಮುಖ ನೋಡಲಿಲ್ಲ. ಚಿಬೆಸಾ ಕೇಳಿಸಲೇ ಇಲ್ಲವೆಂಬಂತೆ ನಡೆದುಹೋಗಿ ಟಾರ್ಪಾಲಿನ ಮೂಲೆ ಹಿಡಿದು ಎಳೆದಳು.

ನೀಲಿ ಬಟ್ಟೆ. ಹೊಸ ಕಾಲುಗಳು. ಹೊಸ ಮರದ ಚೌಕಟ್ಟು. ನನ್ನ ಹರೆಯದ ಮೇಜಿನ ಒಂದು ಗುರುತೂ ಅದರಲ್ಲಿರಲಿಲ್ಲ. ಆದರೂ ನಾನು ಹತ್ತಿರ ಹೋಗಿ ಹಾಸಿನ ಮೇಲೆ ಅಂಗೈಯಿಟ್ಟೆ. ಬಟ್ಟೆ ಬದಲಾಗಬಹುದು, ಮರ ಬದಲಾಗಬಹುದು. ಮೇಜೆಂದರೆ ಅದರ ಕಲ್ಲು. ಒಂದೊಂದು ಹಾಸನ್ನೂ ನಾಲ್ವರು ಹೊರಬೇಕಾದ ಕಲ್ಲಿಗೆ ವೇಷ ಹಾಕಿಸಬಹುದೇ ಹೊರತು ಸ್ವಭಾವ ಬದಲಿಸಲಾಗದು.

ಬಿಳಿ ಚೆಂಡನ್ನು ತೆಗೆದುಕೊಂಡು ಮೇಜಿನ ಉದ್ದಕ್ಕೂ ಮೆಲ್ಲಗೆ ಉರುಳಿಸಿದೆ.

ಮೊದಲ ಎರಡು ಕಲ್ಲುಗಳು ಕೂಡುವಲ್ಲಿ ಚೆಂಡು ‘ಟಿಕ್’ ಎಂದಿತು. ಮುಂದಿನ ಕೂಡಿಕೆಯನ್ನು ಮೌನವಾಗಿ ದಾಟಿತು.

ಮತ್ತೊಮ್ಮೆ ಉರುಳಿಸಿದೆ. ಟಿಕ್. ಮೌನ.

ಕೂಡಿಕೆಗಳನ್ನು ಮುಚ್ಚಲು ನಮ್ಮ ಕಡೆ ಕಾಡುಜೇನಿನ ಮೇಣ ತುಂಬುತ್ತಾರೆ. ಒಂದೇ ಬಂಡೆಯಿಂದ ಕೊಯ್ದು, ಒಟ್ಟಿಗೇ ಉಜ್ಜಿದ ಕಲ್ಲುಗಳಾದರೆ ಕೂದಲೆಳೆಯಷ್ಟು ಮೇಣ ಸಾಕು. ಒಂದಕ್ಕೊಂದು ಒಗ್ಗದ ಕಲ್ಲುಗಳಾದರೆ ನಡುವಿನ ಸಂದಿಗೆ ಬೆರಳು ಗಾತ್ರದ ಮೇಣ ಬೇಕು. ಜುಲೈ ಚಳಿಯಲ್ಲಿ ತುಂಬಿದಾಗ ಅದು ಕಲ್ಲಿಗೆ ಸಮನಾಗಿ ಕೂತಿರುತ್ತದೆ. ಅಕ್ಟೋಬರ್ ಬಿಸಿಲಿಗೆ ಉಬ್ಬಿ ದಿಬ್ಬವಾಗುತ್ತದೆ. ಚಳಿಯಲ್ಲಿ ಜೋಡಿಸಿದ ಮೇಜನ್ನು ಬಿಸಿಲು ಬಂದಾಗ ಬಿಚ್ಚಿ ಹೆರೆಯಬೇಕೆಂಬುದನ್ನು ಈ ಊರಿನಲ್ಲಿ ಎಲ್ಲರೂ ಬಲ್ಲರು. ಎಲ್ಲರೂ ನಾಳೆ ಮಾಡಿದರಾಯಿತೆಂದು ಬಿಡುತ್ತಾರೆ.

ಎಂದರೆ, ಇದರ ದೂರದ ಎರಡು ಕಲ್ಲುಗಳು ಹುಟ್ಟಿನಿಂದ ಜೊತೆಗಿದ್ದವು. ನನ್ನ ಬದಿಯಲ್ಲಿದ್ದ ಮೂರನೆಯದು ಪರಕೀಯ. ಮತ್ತು ಇದನ್ನು ಜೋಡಿಸಿದ್ದು ಚಳಿಗಾಲದಲ್ಲಿ.

ನಾನು ದೂರದ ಎಡಮೂಲೆಗೆ ನಡೆದೆ. ಪಾಕೆಟ್ಟಿನ ತುಟಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. ಬಟ್ಟೆಯ ಕೆಳಗೆ ಏನನ್ನೋ ಮೆತ್ತಿ ನಯ ಮಾಡಿದ್ದರು. ಆ ಬಿಸಿಲಿಗೆ ಅದೂ ಮೆತ್ತಗಾಗಿತ್ತು. ಒತ್ತುತ್ತಿದ್ದಂತೆ ಬೆರಳು ಒಳಗಿಳಿಯಿತು, ಮೆಕ್ಕೆಜೋಳದ ಕಾಳಿನಷ್ಟು.

ಐವತ್ತು ವರ್ಷಗಳ ಹಿಂದಿನ ಗೆಳೆಯ ಕತ್ತಲಲ್ಲಿ ಕೈ ಕುಲುಕಿದಂತಾಯಿತು. ನಾನು ಚಿಬೆಸಾಳತ್ತ ತಲೆಯಾಡಿಸಿದೆ. ಅವಳು ಕನ್ನಡಕವನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡಳು. ಅದರ ಕೆಳಗಿನಿಂದ ಎರಡು ಹನಿ ಇಳಿದವು.

ಕ್ಲಬ್ಬು ಸುಡುವ ಮೊದಲೇ ಮೇಜು ಹೊರಗೆ ಹೋಗಿತ್ತು. ಬೂದಿಯಲ್ಲಿ ಚೂರುಗಳು ಸಿಗಲೆಂದು ಒಂದು ಕಲ್ಲನ್ನು ಮಾತ್ರ ಬೆಂಕಿಗೆ ಬಿಟ್ಟಿದ್ದರು. ಬೆಂಕಿಗೂ ಲೊಂಬೆಯ ಇದ್ದಿಲ ಒಲೆಗೂ ಸಂಬಂಧವಿರಲಿಲ್ಲ. ಕಳವನ್ನು ಮುಚ್ಚಲು ಯಾರೋ ಬೇಕೆಂದೇ ಬೆಂಕಿಯಿಟ್ಟಿದ್ದರು.

ನಾನು ಮಸೆಕೊನತ್ತ ತಿರುಗಿ ನಗೆಯಾಡುವ ದನಿಯಲ್ಲೇ ಕೇಳಿದೆ.

“ಏನಯ್ಯ, ಇಲಿ ಹಿಡಿಯೋದು ಸಾಲದು ಅಂತ ಈಗ ಕ್ಲಬ್ಬಿನ ಮೇಜಿಗೂ ಬಲೆ ಹಾಕಿದ್ರಾ?”

ಅವನು ಕೋತಿಯ ಮಾತೆತ್ತಿ ನನ್ನನ್ನು ಹಂಗಿಸಬೇಕಾಗಿತ್ತು. ಯಾವ ಎನ್‌ಗೋನಿಯೂ ಹಾಗೆ ಮಾಡದೆ ಇರಲಾರ. ಮಸೆಕೊ ನಗಲಿಲ್ಲ. ಅವನ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಪಾಕೆಟ್ಟಿನಲ್ಲಿದ್ದ ನನ್ನ ಹೆಬ್ಬೆರಳಿನ ಮೇಲಿತ್ತು.

“ಕೈ ತೆಗೀರಿ” ಎಂದ. “ಅಂಗಡಿ ಮುಚ್ಚೋ ಹೊತ್ತಾಯ್ತು. ಹೊರಡಿ.”

“ಮೂರು ಗಂಟೆಗೆ ಮುಚ್ತೀಯಾ?”

“ಹೊರಡಿ ಅಂದೆ.”

ಸಿಟ್ಟಾದವನು ಸೋತಂತೆ. ನಾನು ಚಪ್ಪಲಿ ಕಳಚಿದೆ. ಮೇಜಿನ ಅಂಚಿಗೆ ಕೈಯೂರಿ, ಮೊಣಕಾಲಿನ ನೋವನ್ನು ನುಂಗಿಕೊಂಡು ಮೇಲೆ ಹತ್ತಿ, ನೀಲಿ ಬಟ್ಟೆಯ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ಕೈ ಕಟ್ಟಿಕೊಂಡೆ.

ಶವಸಂಸ್ಕಾರದ ದಿನ ಹಾಸ್ಯದ ನಂಟರು ತೋಡಿದ ಗುಂಡಿಯೊಳಗಿಳಿದು ಹೀಗೆಯೇ ಮಲಗುತ್ತಾರೆ. ಕೇಳಿದ್ದನ್ನು ಕೊಡುವವರೆಗೆ ಏಳುವುದಿಲ್ಲ. ಅಳುತ್ತಿದ್ದ ಮನೆಯವರೂ ಆಗ ನಗಲೇಬೇಕು, ಕೊಡಲೇಬೇಕು. ಅವರನ್ನು ಎಳೆದೆಬ್ಬಿಸಿದ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ.

“ಏಳಿ ಮುದಾಲಾ.”

“ದಂಡ ಕೊಡು, ಏಳ್ತೀನಿ.”

“ಎಷ್ಟು ಬೇಕು?”

“ದುಡ್ಡು ಬೇಡ, ಒಂದು ಕ್ವಾಚಾನೂ ಬೇಡ. ಇದನ್ನ ನಿಂಗೆ ಮಾರಿದೋನ ಹೆಸರು ಬೇಕು.”

ಅವನು ಬಾಗಿಲಿನವರೆಗೆ ಹೋಗಿ ಬೀದಿ ನೋಡಿದ. ಹಿಂತಿರುಗಿ ಬಂದು ಎರಡನೆಯ ಮೇಜಿನ ಅಂಚಿಗೆ ಒರಗಿದ. ನನ್ನನ್ನು ಎಳೆದು ಹಾಕಲು ಅವನಿಗೆ ಒಂದು ತೋಳು ಸಾಕಾಗಿತ್ತು. ಆದರೆ ಅವನ ಅಜ್ಜಂದಿರು ಯಾರೂ ಮಾಡದ ಕೆಲಸ ಅದು. ಎರಡು ಸಲ ಕೈ ಮುಂದೆ ಮಾಡಿ ಎರಡು ಸಲವೂ ಹಿಂದಕ್ಕೆಳೆದುಕೊಂಡ. ಆಮೇಲೆ, ಇಷ್ಟು ದಿನ ಗಂಟಲಲ್ಲಿ ಕಟ್ಟಿಟ್ಟಿದ್ದುದೆಲ್ಲ ಒಮ್ಮೆಗೇ ಹೊರಬಂತು.

ಕ್ಲಬ್ಬು ಸುಟ್ಟದ್ದರ ಹಿಂದಿನ ದಿನ, ಸಂಜೆ, ಲಾರಿಯಲ್ಲಿ ಎರಡು ಕಲ್ಲುಗಳು ಬಂದಿದ್ದವು. ಮೂರನೆಯದು ಇಳಿಸುವಾಗ ಒಡೆಯಿತೆಂದು ತಂದವನು ಹೇಳಿದ್ದ. ಹಳೆಯ ಮಾಲು, ಕ್ಲಬ್ಬಿನವರೇ ಹೊರಗೆ ಹಾಕಿದ್ದೆಂದು ನಂಬಿಸಿದ್ದ. ಬೆಂಕಿಯ ಸುದ್ದಿ ತಿಳಿದಾಗ ಮಸೆಕೊ ಹೆದರಿ ಮೇಜಿನ ವೇಷ ಬದಲಿಸಿದ. ನಿನ್ನೆ ಅದೇ ಮನುಷ್ಯ ಫೋನು ಮಾಡಿದ್ದ. ಮೇಜು ತನಗೆ ಮರಳಿ ಬೇಕು, ಮಂಗಳವಾರ ಮಧ್ಯಾಹ್ನ ಲಾರಿ ಬರುತ್ತದೆ ಎಂದಿದ್ದ.

ಎಂದರೆ ಗುರುವಾರ ಮ್ಯಾಜಿಸ್ಟ್ರೇಟರ ಮುಂದೆ ತೋರಿಸಲು ನಮ್ಮ ಬಳಿ ಮೇಜೇ ಇರುವುದಿಲ್ಲ.

“ಅವನ ಹೆಸರು ನಂಗೆ ಗೊತ್ತಿಲ್ಲ. ನಮ್ಮಮ್ಮನಾಣೆ ಗೊತ್ತಿಲ್ಲ” ಎಂದ ಮಸೆಕೊ. “ಲಾರಿಯಿಂದ ಇಳೀಲೇ ಇಲ್ಲ ಅವನು. ಟೋಪಿ ಮುಖದ ಮೇಲೆ ಎಳ್ಕೊಂಡು ಕೂತಿದ್ದ, ಮಾತೇ ಕಮ್ಮಿ. ನಿನ್ನೆ ಫೋನಲ್ಲಿ ಮಾತ್ರ ಒಂದು ಮಾತು ಜಾಸ್ತಿ ಆಡಿದ.”

“ಏನಂದ?”

“ಒಬ್ಬ ಮುದುಕ ಬಂದ್ರೂ ಬರಬಹುದು. ಬಂದ್ರೆ ಸೀದಾ ಎಡಮೂಲೆ ಪಾಕೆಟ್ಟಿಗೆ ಹೋಗಿ ಹೆಬ್ಬೆರಳು ಹಾಕ್ತಾನೆ. ಅವನ ಕಣ್ಣಿಗೆ ಮೇಜು ಬೀಳಕೂಡದು ಅಂದ.”

ಕಲ್ಲಿನ ತಂಪು ಬಟ್ಟೆಯನ್ನು ದಾಟಿ ನನ್ನ ಬೆನ್ನಿಗೇರಿತು.

ಕರಿ ಚೆಂಡಿನ ಕಥೆಯನ್ನು ನಾನು ನೂರಾರು ಜನರಿಗೆ ಹೇಳಿದ್ದೇನೆ. ಆದರೆ ಹೆಬ್ಬೆರಳಿನ ಮಾತನ್ನು ಹೊರಗೆ ಎಲ್ಲೂ ಹೇಳಿದವನಲ್ಲ. ಕ್ಲಬ್ಬಿನ ಕಲ್ಲಿನ ಗುಟ್ಟು ಊರಿಗೆ ತಿಳಿದರೆ ನನ್ನ ಗೆಲುವನ್ನು ಅದೃಷ್ಟವೆಂದು ಆಡಿಕೊಳ್ಳುವವರಿದ್ದರು. ಮನೆಯ ಗೋಡೆಗಳ ನಡುವೆ ಮಾತ್ರ ಹೇಳಿದ್ದೆ. ಚಿಬೆಸಾಳ ಅಜ್ಜಿಗೆ ಗೊತ್ತಿತ್ತು, ಅವಳು ತೀರಿಹೋಗಿದ್ದಾಳೆ. ಚಿಬೆಸಾಳಿಗೆ ಗೊತ್ತು.

“ಲೊಂಬೆಗೂ ಗೊತ್ತು” ಎಂದಳು ಚಿಬೆಸಾ, ನಾನು ಹೇಳಲಾರದ್ದನ್ನು ತಾನೇ ಹೇಳಿ. “ಕೆಲಸಕ್ಕೆ ಸೇರಿದ ದಿನ ನೀವೇ ಅವರ ಬೆರಳು ಹಿಡಿದು ತೋರಿಸಿದ್ರಿ.”

ಕ್ಲಬ್ಬಿನ ಬೀಗದ ಕೈ ಇದ್ದದ್ದೂ ಅವನೊಬ್ಬನ ಬಳಿಯೇ. ಬೆಂಕಿಯ ಹಿಂದಿನ ದಿನ ತಾನು ಸೋದರತ್ತೆಯ ಶವಸಂಸ್ಕಾರಕ್ಕೆ ಹೋಗಿದ್ದಾಗಲೂ ಬೀಗದ ಕೈ ತನ್ನ ಜೇಬಿನಲ್ಲೇ ಇತ್ತೆಂದೂ, ಮರುದಿನ ಮುಚ್ಚಿದ್ದ ಆ ಕೋಣೆಯೊಳಗೆ ಯಾರೂ ಹೋಗಿರಲಿಲ್ಲವೆಂದೂ ಅವನೇ ಹೇಳಿಕೆ ಕೊಟ್ಟಿದ್ದಾನೆ. ಅವನನ್ನು ಬೆಂಕಿಯ ಆಪಾದನೆಯಿಂದ ಬಿಡಿಸಬೇಕಾದ ಮೇಜೇ ಅವನ ಕೊರಳಿಗೆ ಕಳವನ್ನು ಕಟ್ಟಬಲ್ಲದು. ಇದು ನನಗೆ ಹೊಳೆದ ಕ್ಷಣದಲ್ಲೇ ಅವಳಿಗೂ ಹೊಳೆಯಿತೆಂದು ಅವಳು ಮೇಜಿನ ಅಂಚು ಹಿಡಿದುಕೊಂಡ ರೀತಿಯಿಂದ ತಿಳಿಯಿತು. ಫೋನು ಜೈಲಿನಿಂದ ಬರಲಾರದು, ನಿಜ. ಆದರೆ ಫೋನು ಮಾಡಲು ಹೊರಗಿನ ಇನ್ನೊಬ್ಬನಿಗೆ ಹೇಳಿಕೊಡಬಹುದು.

“ಇನ್ನೊಬ್ಬರಿಗೆ ಹೇಳಿದ್ದೆ” ಎಂದೆ. “ಕತೊಂಗೊಗೆ.”

ಕತೊಂಗೊ ಲೊಂಬೆಯ ಸೋದರಮಾವ. ಮದುವೆಯ ಮಾತುಕತೆಗೆ ಮಧ್ಯಸ್ಥನಾಗಿ ನಮ್ಮ ಮನೆಗೆ ಬಂದವನು ಅವನೇ. ಹುಡುಗನ ಕಡೆಯವರು ಕೊಟ್ಟ ತಟ್ಟೆಯನ್ನು ಒಪ್ಪಿಗೆಯ ಗುರುತಾಗಿ ನಾನು ಸ್ವೀಕರಿಸಿದ ಸಂತೋಷದಲ್ಲಿ, ಊಟವಾದ ಮೇಲೆ, ನಮ್ಮ ಊಟದ ಮೇಜಿನ ಅಂಚಿಗೇ ಹೆಬ್ಬೆರಳಿಟ್ಟು ಇಡೀ ಕಥೆಯನ್ನು ಅಭಿನಯಿಸಿ ತೋರಿಸಿದ್ದೆ. ಆದರೆ ಕತೊಂಗೊ ಮಾತು ಕಡಿಮೆ ಆಡುವವನಲ್ಲ. ಆಡಲು ತೊಡಗಿದರೆ ಕೋಳಿ ಕೂಗುವವರೆಗೆ ನಿಲ್ಲಿಸುವವನಲ್ಲ. ಸೋದರಳಿಯ ಲೊಂಬೆಗಾಗಿ ಜೈಲಿನ ಬಾಗಿಲಿಗೆ ಪ್ರತಿ ಭಾನುವಾರ ನ್ಶಿಮಾ ಮುದ್ದೆ, ಒಣಮೀನು ಹೊತ್ತು ಹೋಗುವವನೂ ಅವನೇ.

“ಆ ದಿನ ಕೋಣೇಲಿ ಯಾರ್ಯಾರಿದ್ರು?” ಎಂದು ಚಿಬೆಸಾ ಕೇಳಿದಳು.

ನಾವಿಬ್ಬರೇ, ನಾನು ಮತ್ತು ಕತೊಂಗೊ ಎಂದೆ. ಪ್ರತಿ ಸಲ ನೆನೆಯುವಾಗಲೂ ಹಾಗೆಯೇ ನೆನೆದಿದ್ದೇನೆ.

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಇಲ್ಲ ತಾತ. ನಾನು ಮದುಮಗಳು, ಹೊರಗೆ ಬರೋ ಹಾಗಿರಲಿಲ್ಲ. ಹಿಂದೆ ಅಡಿಗೆಮನೇಲಿ ಕೂತು ತಟ್ಟೆ ತೊಳೆದೆ. ಉಂಡ ತಟ್ಟೆ ಎರಡಲ್ಲ. ಮೂರು.”

ಮಸೆಕೊ ಎರಡನೆಯ ಮೇಜನ್ನು ಬಿಟ್ಟು ನಮ್ಮ ಹತ್ತಿರಕ್ಕೆ ಬಂದ.

ಹೌದು. ನಮ್ಮಲ್ಲಿ ಮಧ್ಯಸ್ಥನಾದವನು ಎಂದೂ ಒಬ್ಬನೇ ಬರುವುದಿಲ್ಲ. ಮುಚ್ಚಿದ ತಟ್ಟೆಯನ್ನು ಹೊತ್ತು ಅವನ ಹಿಂದೆ ಇನ್ನೊಬ್ಬ ಬರುತ್ತಾನೆ. ಅವನು ಬಾಗಿಲ ಬಳಿ ಕೂರುತ್ತಾನೆ, ಮಾತನಾಡುವಂತಿಲ್ಲ. ಹೆಣ್ಣಿನ ಮನೆಯವರು ಅವನ ಹೆಸರು ಕೇಳುವುದಿಲ್ಲ, ಅವನ ಮುಖವನ್ನು ದಿಟ್ಟಿಸುವುದೂ ಇಲ್ಲ. ಉಂಡು ಎದ್ದು ಹೋಗುತ್ತಾನೆ. ನಲವತ್ತು ವರ್ಷ ಜನರ ಮುಖ ಓದಿ ಅನ್ನ ತಿಂದ ನಾನು, ಸಂಪ್ರದಾಯಕ್ಕೆ ತಲೆಬಾಗಿ ಆ ಒಂದು ಮುಖವನ್ನು ಓದದೆ ಬಿಟ್ಟಿದ್ದೆ.

ಹೊರಗೆ ಲಾರಿಯ ಹಾರನ್ ಎರಡು ಬಾರಿ ಕೂಗಿತು.

ಮಸೆಕೊ ಬಾಗಿಲಿನತ್ತ ಓಡಿ, ರೋಲಿಂಗ್ ಷಟರನ್ನು ದಡದಡನೆ ಕೆಳಗೆಳೆದು, ಒಳಗಿನಿಂದ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಅವನು ಯಾರ ಕಡೆಯವನೆಂದು ನಿರ್ಧರಿಸಿದ್ದು ಆ ಕ್ಷಣದಲ್ಲಿ. “ನೀವು ಏಳಬೇಡಿ, ಕೋತಿ ಮುದಾಲಾ” ಎಂದು ಪಿಸುಗುಟ್ಟಿದ. “ಮಲಗೇ ಇರಿ.”

ಲಾರಿಯ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಅವಸರವಿಲ್ಲದ ಹೆಜ್ಜೆಗಳು ಷಟರಿನವರೆಗೆ ಬಂದು ನಿಂತವು. ಯಾರೋ ಅದನ್ನು ತಟ್ಟಿದರು. ಕೂಗಿ ಕರೆಯಲಿಲ್ಲ, ಒಂದು ಮಾತೂ ಆಡಲಿಲ್ಲ.

ಚಿಬೆಸಾ ನನ್ನ ತಲೆಯ ಬಳಿಗೆ ಬಂದು ಬಾಗಿದಳು. ಅವಳ ಮುಷ್ಟಿಯಲ್ಲಿ ಬಿಳಿ ಚೆಂಡಿತ್ತು.

“ಕರಿ ಚೆಂಡಿನ ಕಥೆ ಇನ್ನೊಂದ್ಸಲ ಹೇಳಿ ತಾತ. ಆ ದಿನ ಹೇಳಿದ ಹಾಗೇ, ಒಂದನ್ನೂ ಬಿಡದೆ ಹೇಳಿ. ನೀವು ಹೆಬ್ಬೆರಳು ಎತ್ತಿ ತೋರಿಸಿದಾಗ ಬಾಗಿಲ ಹತ್ರ ಕೂತಿದ್ದೋನು ತಲೆ ಎತ್ತಿ ನೋಡಿರ್ಲೇಬೇಕು. ಈಗ ಷಟರ್ ತಟ್ಟಿದೋನು ಅವನೇ ಆಗಿರ್ಬೇಕು, ಯಾರು ಅವನು?”